ಓಡುವುದೇನೂ ಬೇಡ

ಮಂಡಿ ಕೈಕೊಟ್ಟ ಮೇಲೆ ಕಂಡಕ್ಟರಮ್ಮ ಬಸ್ಸು ಬಿಟ್ಟಳೇ ಹೊರತು ಜೋರು ಬಿಡಲಿಲ್ಲ. ಈಗ ಆಕೆಯ ಸವಾರಿಯೆಲ್ಲ ನಡುಮನೆಯ ಮೂಲೆಯಲ್ಲಿರುವ ಹಳೇ ಕಂಪ್ಯೂಟರಿನಲ್ಲಿ. ಕೋಟೆ ಕಟ್ಟಿ, ದಂಡು ಕಳಿಸಿ, ಊರು ಗೆಲ್ಲುವ ಆಟ. ಎದುರಾಳಿ ಮತ್ತಾರೂ ಅಲ್ಲ, ಆಕೆಯ ಬಸ್ಸನ್ನೇ ಓಡಿಸುತ್ತಿದ್ದ ಡ್ರೈವರಣ್ಣ. ಊರಿನ ಆ ತುದಿಯ ತನ್ನ ಮನೆಯಲ್ಲಿ ಕೂತು ಆಡುತ್ತಾನೆ, ಸೋತರೆ ಫೋನು ಮಾಡಿ ಜಗಳ ತೆಗೆಯುತ್ತಾನೆ. ಆಕೆಗೆ ದಿನ ಕಳೆಯುವುದೇ ಆ ಜಗಳದಿಂದ.

ಆ ಆಟದ ಹೊಸ ಆವೃತ್ತಿ ಬಂತು. ಡ್ರೈವರಣ್ಣ ಹಳೆಯದನ್ನು ಬಿಟ್ಟು ಅದಕ್ಕೆ ಹಾರಿದ. ಇತ್ತ ಮಗನಿಗೆ ತಾನು ಹೊಸದಾಗಿ ತಂದ ಬಟ್ಟೆ ಒಗೆಯುವ ಮೆಷಿನ್ ಇಡಲು ಕಂಪ್ಯೂಟರಿನ ಮೂಲೆಯೇ ಬೇಕಂತೆ.

"ಹೊಸ ಆಟ ಓಡಿದ್ರೆ ಡಬ್ಬ ಇರ್ಲಿ. ಓಡದಿದ್ರೆ ನಾಳೆನೇ ಗುಜರಿಗೆ," ಎಂದವನು ಕಂಪ್ಯೂಟರಿನ ತಾಕತ್ತು ಪರೀಕ್ಷಿಸುವ ವೆಬ್‌ಸೈಟು ತೆರೆದ. ಮೆಮೊರಿ ಸಾಲದು, ಗ್ರಾಫಿಕ್ಸ್ ಕಾರ್ಡು ಹಳೆಯದು. ತೆರೆಯ ತುಂಬ ಕೆಂಪು ಗುರುತು.

"ನೋಡಮ್ಮ, ಓಡಲ್ಲ ಅಂತ ಅದೇ ಹೇಳ್ತಿದೆ."

"ನನ್ನ ಮಂಡಿನೂ ಓಡಲ್ಲ. ನನ್ನನ್ನೂ ಗುಜರಿಗೆ ಹಾಕ್ತೀಯೇನೋ?"

ಆಕೆಗೆ ಸಿಟ್ಟು ನೆತ್ತಿಗೇರಿತ್ತು, ಅದರ ಹಿಂದೆಯೇ ಹೆದರಿಕೆ. ಈ ಮೂಲೆಯೂ ಹೋದರೆ ಇನ್ನು ಮಾತಾಡಲು ಗೋಡೆಯೇ ಗತಿ. ಫೋನು ಎತ್ತಿಕೊಂಡಳು.

"ಡ್ರೈವರಣ್ಣ, ಹೊಸದ್ರಲ್ಲೂ ಸರದಿ ಮೇಲೆ ಆಡೋದಾ, ಇಲ್ಲ ಎಲ್ಲರೂ ಒಟ್ಟಿಗೆ ನುಗ್ಗೋದಾ?"

"ಸರದಿನೇ ಕಣಮ್ಮ. ನೀನು ನಿನ್ನ ದಂಡು ನಡೆಸೋವರೆಗೂ ನಾನು ಕಾಯ್ಬೇಕು."

"ಕಾಯ್ತೀಯಾ?"

"ಜನ್ಮಪೂರ್ತಿ ನಿನ್ನ ವಿಸಿಲ್ಲಿಗೆ ಕಾದವನು. ಕಾಯದೆ ಏನ್ಮಾಡ್ಲಿ?"

"ಕೇಳಿಸ್ತೇನೋ?" ಎಂದು ಮಗನತ್ತ ತಿರುಗಿದಳು. "ಇದು ಓಡೋದೇನೂ ಬೇಡ, ನಡೆದ್ರೆ ಸಾಕು. ಹಾಕು ಆಟ."

ಮಗ ಗೊಣಗುತ್ತಲೇ ಹಾಕಿದ, ಚಿತ್ರದ ಗುಣಮಟ್ಟವನ್ನೆಲ್ಲ ತಳಕ್ಕಿಳಿಸಿದ. ತೆರೆ ಕಪ್ಪಾಯಿತು, ಒಳಗಿನ ಫ್ಯಾನು ಗೊರಗೊರ ಎಂದಿತು. "ಕೆಟ್ಟಿತು," ಎಂದ ಮಗ. "ಬಾಯಿ ಮುಚ್ಕೊಂಡು ಕೂತ್ಕೋ," ಎಂದಳು ತಾಯಿ. ಆಕೆ ಪಾತ್ರೆ ತೊಳೆದು ಬೋರಲು ಹಾಕಿ ಬರುವಷ್ಟರಲ್ಲಿ ಕೋಟೆಯೊಂದು ಮೂಡಿತ್ತು. ಸೈನಿಕರಿಗೆ ಮೂಗಿಲ್ಲ, ಕುದುರೆಗಳಿಗೆ ನೆರಳಿಲ್ಲ. ದಂಡು ಒಂದು ಹೆಜ್ಜೆ ಇಟ್ಟು, ನಿಂತು, ಸುಧಾರಿಸಿಕೊಂಡು ಇನ್ನೊಂದು ಇಟ್ಟಿತು, ಥೇಟ್ ಆಕೆ ಮೆಟ್ಟಿಲು ಹತ್ತುವ ಹಾಗೆ.

"ಇದನ್ನ ಓಡೋದು ಅಂತಾರೇನಮ್ಮ?"

"ಹೋಗೋ ಕಡೆ ಹೋಗ್ತಿದೆಯೋ ಇಲ್ವೋ, ಅಷ್ಟು ಹೇಳು."

ಹೋಗುತ್ತಿತ್ತು. ಮಗ ಮೆಷಿನ್ನನ್ನು ಬಚ್ಚಲಿನ ಬಾಗಿಲ ಕಡೆಗೆ ಎಳೆದುಕೊಂಡು ಹೋದ. ಕಂಡಕ್ಟರಮ್ಮ ಮಂಡಿ ನೀವಿಕೊಂಡು ಕುರ್ಚಿ ಮುಂದಕ್ಕೆಳೆದಳು, ಫೋನಿನಲ್ಲಿ ಕಾಯುತ್ತಿದ್ದವನಿಗೆ ಕೂಗಿ ಹೇಳಿದಳು:

"ರೈಟ್, ರೈಟ್!"