ಹಿಂದಿನದನ್ನೆಲ್ಲ ಕರಗಿಸುವವರು

ಆಸ್ಟ್ರೇಲಿಯಾದ ಹೋಬಾರ್ಟಿನ ನಮ್ಮ ಕ್ಯಾಮೆರಾ ಕ್ಲಬ್ಬಿನಲ್ಲಿ ಲಾಯ್ಡ್ ಹ್ಯಾಸ್ಕೆಟ್ ಅವರಿಗಿಂತ ಮೊದಲು ಬಾಗಿಲು ದಾಟುವುದು ಅವರ ಲೆನ್ಸು. ಗಿಡ್ಡ ಲೆನ್ಸಿನವರನ್ನು ಕಂಡರೆ ಅವರಿಗೆ ಕನಿಕರ. "ಅದ್ರಲ್ಲಿ ಹಕ್ಕಿನೂ ಸ್ಪಷ್ಟ, ಹಿಂದಿರೋ ಕಸದಬುಟ್ಟಿನೂ ಸ್ಪಷ್ಟ! ಉದ್ದದ್ದು ಹಾಕ್ರೀ, ಹಿಂದಿರೋದೆಲ್ಲ ಮಸುಕಾಗಿ ಬೆಣ್ಣೆ ಥರ ಕರಗ್ಬೇಕು," ಎಂದು ಕೇಕು ಮೆಲ್ಲುತ್ತ ಉಪದೇಶಿಸುತ್ತಾರೆ. "ಕರಗಿಸೋದೇ ಆದ್ರೆ ಮೊದ್ಲು ನಿನ್ನ ಹೊಟ್ಟೆ ಕರಗಿಸು ಗುರುವೇ," ಎಂದು ಗೆಳೆಯ ಬ್ರೂನೋ ಕಾಲೆಳೆದರೂ ಜಗ್ಗುವವರಲ್ಲ. ಭಾನುವಾರ ಬೆಳಿಗ್ಗೆ ನದಿದಂಡೆಯಲ್ಲಿ ಬೆಳ್ಳಕ್ಕಿಯ ಮುಂದೆ ಇವರು ಮಂಡಿಯೂರಿದರೆ, ಹೆಂಡತಿ ಮ್ಯೂರಿಯಲ್ ಕೆಂಪು ಕೋಟು ತೊಟ್ಟು, ಚಹಾದ ಫ್ಲಾಸ್ಕು ಹಿಡಿದು, ಹಕ್ಕಿಯ ಆಚೆ ದೂರದಲ್ಲಿ ಕಾಯುತ್ತಿದ್ದರು. "ಆಯ್ತಾ ಮಾರಾಯ್ರೇ?" "ಒಂದ್ನಿಮಿಷ ಕಣೇ!" ಬಹುಮಾನ ಬಂದ ಚಿತ್ರಗಳಲ್ಲೆಲ್ಲ ಬೆಳ್ಳಕ್ಕಿಯ ಗರಿಗಳನ್ನು ಎಣಿಸಬಹುದಿತ್ತು, ಅದರ ಹಿಂದಿನ ಹದವಾದ ಕೆಂಪು ಮಸುಕನ್ನಂತೂ ತೀರ್ಪುಗಾರರು ಕೊಂಡಾಡಿದ್ದೇ ಕೊಂಡಾಡಿದ್ದು. ಈ ಚಳಿಗಾಲದಲ್ಲಿ ಮ್ಯೂರಿಯಲ್ ತೀರಿಕೊಂಡರು. ಶವಪೆಟ್ಟಿಗೆಯ ಪಕ್ಕ ಇಡಲು ಅವರದೊಂದು ಚಿತ್ರ ಹುಡುಕಿದರೆ, ಮನೆ ತುಂಬ ಬೆಳ್ಳಕ್ಕಿಗಳು, ಬೆಳ್ಳಕ್ಕಿಗಳ ಹಿಂದೆ ಕೆಂಪು. ಈಗಲೂ ಲಾಯ್ಡರ ಲೆನ್ಸು ಉದ್ದವೇ, ಉಪದೇಶವೂ ಉದ್ದವೇ. ಆದರೆ ಹೊಸಬರು ಯಾರಾದರೂ ಕ್ಯಾಮೆರಾ ಎತ್ತಿದರೆ, ಮೆಲ್ಲಗೆ ತೋಳು ಹಿಡಿದು ಕೇಳುತ್ತಾರೆ: "ತಡಿ, ಹಿಂದೆ ಯಾರು ನಿಂತಿದಾರೆ ಅಂತ ನೋಡ್ಕೊಂಡ್ಯಾ?"