ಸೀಬ್‌ನ ಮರಳಿನಲ್ಲಿ ಒಂದು ಐರಿಷ್ ಬೀದಿ

ಶುಕ್ರವಾರ, ೬ ನವೆಂಬರ್ ೨೦೦೯. ಬರೆಯಲು ಕೂತಾಗ ಬೆಳಿಗ್ಗೆ ಆರೂ ಇಪ್ಪತ್ತು.

ನಿನ್ನೆ ಮಸ್ಕತ್‌ನ ರೂವಿಯ ಔಷಧಿ ಅಂಗಡಿಯಲ್ಲಿ ನನ್ನ ಮುಂದಿದ್ದ ಹೆಂಗಸು ಬಿಸಿಲಿಗೆ ಹಚ್ಚುವ ಕ್ರೀಮಿನ ಮುಚ್ಚಳ ತೆಗೆದು ಮೂಸಿ ನೋಡಿದರು. ಅತ್ತ ತೆಂಗಿನೆಣ್ಣೆಯೂ ಅಲ್ಲ, ಇತ್ತ ಸೋಪೂ ಅಲ್ಲ, ಅಂಥದೊಂದು ವಾಸನೆ. ಹಮ್ರಿಯಾದ ನಮ್ಮ ಕಟ್ಟಡದಲ್ಲಿ ಮೇಲಿನ ಮನೆಯ ಅಕ್ಕ ಹೊರಗೆ ಹೊರಟರೆಂದರೆ ಮೆಟ್ಟಿಲುಗಳ ಮೇಲೆಲ್ಲ ಇದೇ ವಾಸನೆ ಉಳಿಯುತ್ತಿತ್ತು. ಆ ಕ್ರೀಮನ್ನು ಅವರು ತಂದದ್ದು ಐರ್ಲೆಂಡಿನಿಂದ. ಮೋಡದ ದೇಶದಿಂದ ಬಿಸಿಲಿನ ಕ್ರೀಮು ಹೊತ್ತು ತಂದವಳು ನಾನೊಬ್ಬಳೇ ಇರಬೇಕು ಎಂದು ಅವರೇ ನಗುತ್ತಿದ್ದರು...

ಅಕ್ಕ ಉಡುಪಿ ಕಡೆಯವರು. ಅವರ ಗಂಡನಿಗೆ ಡಬ್ಲಿನ್ನಿನ ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ಕೆಲಸವಿತ್ತು. ಆಗ ಅಕ್ಕ ಅಲ್ಲಿ ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ.ಗೆ ಸೇರಿದ್ದರು. ಇವತ್ತಿನ ಐರಿಷ್ ಸಮಾಜ ಅವರ ವಿಷಯ. ತಲೆಮಾರುಗಳ ಕಾಲ ಜನರನ್ನು ಹೊಟ್ಟೆಪಾಡಿಗೆ ಹೊರಗೆ ಕಳಿಸಿದ ದೇಶಕ್ಕೆ ಈಗ ಹೊರಗಿನವರೇ ಕೆಲಸ ಹುಡುಕಿಕೊಂಡು ಬರುತ್ತಿದ್ದರು. ಇಂಥ ಹೊತ್ತಿನಲ್ಲಿ ಅಲ್ಲಿಯವರಿಗೆ ತಮ್ಮ ಊರು ಹೇಗೆ ಕಾಣುತ್ತದೆ ಎಂದು ತಿಳಿಯುವುದು ಅವರ ಕೆಲಸವಾಗಿತ್ತು. ಅದು ಅರ್ಧವಾಗುವಷ್ಟರಲ್ಲಿ ಗಂಡನಿಗೆ ಮಸ್ಕತ್‌ನಲ್ಲಿ ಕೆಲಸ ಸಿಕ್ಕಿತು. ಉಳಿದರ್ಧವನ್ನು ಒಮಾನಿನಲ್ಲಿರುವ ಐರಿಷ್ ಜನರ ಜೊತೆ ಮುಗಿಸುತ್ತೇನೆಂದು ಅಕ್ಕ ಬಂದರು. ಅದು ೨೦೦೪ರ ಅಕ್ಟೋಬರ್. ನಾನಾಗ ಹನ್ನೊಂದನೇ ತರಗತಿ.

ಅವರ ಸಂಶೋಧನೆ ನಡೆಯುವುದು ನಡಿಗೆಯಲ್ಲಿ. ಎದುರು ಕೂತು ಪ್ರಶ್ನೆ ಕೇಳಿದರೆ ಜನ ಯೋಚಿಸಿ, ಚೆಂದ ಮಾಡಿ ಉತ್ತರ ಕೊಡುತ್ತಾರೆ. ಅವರು ದಿನಾ ಓಡಾಡುವ ದಾರಿಯಲ್ಲಿ ಜೊತೆಗೆ ನಡೆದರೆ ಆ ದಾರಿಯೇ ಮಾತನ್ನು ಎತ್ತಿಕೊಡುತ್ತದೆ ಎನ್ನುತ್ತಿದ್ದರು. ಮೈಸೂರಿನವರಾದ ನಮ್ಮಮ್ಮನಿಗೆ ಇದು ನಂಬಲಾಗದ ಸಂಗತಿ.

“ಅಲ್ಲಮ್ಮಾ, ನಡೆಯೋದಕ್ಕೂ ಪಿಎಚ್.ಡಿ. ಕೊಡ್ತಾರಾ?”

“ಕೂತವರಿಗೆ ಕೊಡ್ತಾರಲ್ಲ ಆಂಟಿ, ನಡೆಯುವವರಿಗೆ ಕೊಡ್ಲಿಕ್ಕೆ ಎಂಥ?”

“ಹಾಗಾದ್ರೆ ನಮ್ಮೆಜಮಾನ್ರಿಗೆ ಖಂಡಿತ ಸಿಗಲ್ಲ ಬಿಡು. ಬಾಲ್ಕನಿಗೂ ಕಾರಲ್ಲೇ ಹೋಗೋ ಪೈಕಿ.”

ಮೊದಲ ಅಭ್ಯಾಸ ನನ್ನ ಮೇಲೆಯೇ ಆಯಿತು. ನನಗಿಷ್ಟವಾದ ಕಡೆ ಅವರನ್ನು ಕರೆದುಕೊಂಡು ಹೋಗಬೇಕು, ಅವರು ಅರ್ಧ ಹೆಜ್ಜೆ ಹಿಂದೆಯೇ ಬರುತ್ತಾರೆ. ಮುಂದೆ ಹೋದರೆ ನಾನು ಅವರ ದಾರಿ ಹಿಡಿಯುತ್ತೇನಂತೆ. ಹಮ್ರಿಯಾದಿಂದ ರೂವಿಯವರೆಗೆ ಹೋದೆವು. ನನ್ನ ಡೈರಿಯಲ್ಲಿ ಆ ಸಂಜೆಯ ಪುಟದಲ್ಲಿ ಹದಿನಾಲ್ಕು ಗೀಟುಗಳಿವೆ. ನಮ್ಮನ್ನು ನೋಡಿ ಹಾರ್ನ್ ಹೊಡೆದ ಟ್ಯಾಕ್ಸಿಗಳು ಅವು. ಒಬ್ಬ ಚಾಲಕ “ಯಲ್ಲಾ ಸಿಸ್ಟರ್, ರೂವಿ ರೂವಿ” ಎನ್ನುತ್ತ ನಮ್ಮ ಪಕ್ಕದಲ್ಲೇ ಮೆಲ್ಲಗೆ ಗಾಡಿ ಓಡಿಸಿದ. ನಡೆದೇ ಹೋಗುತ್ತೇವೆ ಎಂದು ಅಕ್ಕ ಹಿಂದಿಯಲ್ಲಿ ಹೇಳಿದರೆ, ಪಾಪ, ನಿಮ್ಮ ಕಾರು ಎಲ್ಲಿ ಕೆಟ್ಟಿತು ಎಂದು ವಿಚಾರಿಸಿದ.

ಕಷ್ಟ ಬಂದದ್ದು ಮಸ್ಕತ್‌ನ ಅಂಚಿಗೆ, ಸಮುದ್ರದ ದಂಡೆಯಲ್ಲಿರುವ ಸೀಬ್‌ನಲ್ಲಿ. ಅಕ್ಕ ಮಾತಾಡಿಸಬೇಕಿದ್ದವರು ಇದ್ದದ್ದು ಹೆಚ್ಚಾಗಿ ಅಲ್ಲಿನ ವಿಲ್ಲಾಗಳಲ್ಲಿ, ಮತ್ತು ಅವರು ಕಾರಿಲ್ಲದೆ ಗೇಟು ದಾಟುವವರಲ್ಲ. ಒಂದು ಗುರುವಾರ ರಜೆಯಾದ್ದರಿಂದ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಐವತ್ತು ದಾಟಿದ ಐರಿಷ್ ಟೀಚರ್ ಒಬ್ಬರು ನಮಗೆ ಟೀ ಕೊಟ್ಟು, ಏಸಿಯ ಕೆಳಗೆ ಕೂತು, ಐರ್ಲೆಂಡಿನ ತಮ್ಮ ಊರೆಲ್ಲ ಚೆನ್ನಾಗಿದೆ ಎಂದರು. ಹೊಸ ರಸ್ತೆ, ಹೊಸ ಮನೆ, ಎಲ್ಲರಿಗೂ ಕೆಲಸ, ಮಕ್ಕಳು ದೇಶ ಬಿಡಬೇಕಾಗಿಲ್ಲ. ಬಾಯಿಪಾಠ ಒಪ್ಪಿಸಿದ ಹಾಗಿತ್ತು. ಅಕ್ಕ ಟೇಪು ನಿಲ್ಲಿಸಿದರು. ಊರಿನಲ್ಲಿ ನಿಮ್ಮ ಮನೆಯಿಂದ ತಾಯಿಯ ಮನೆಗೆ ಹೋಗುವ ದಾರಿಯನ್ನು ಇಲ್ಲಿಯ ಸಮುದ್ರದ ದಂಡೆಯ ಮೇಲೆ ನಡೆದು ತೋರಿಸುತ್ತೀರಾ ಎಂದು ಕೇಳಿದರು.

ಟೀಚರ್ ನಕ್ಕರು. ಆದರೆ ಬಂದರು.

ದಂಡೆಯಲ್ಲಿ ಮೀನುಗಾರರು ದೋಣಿ ಎಳೆದಿಟ್ಟು ಬಲೆ ಸರಿ ಮಾಡುತ್ತಿದ್ದರು. ಟೀಚರ್ ಮೊದಲು ನಾಚಿಕೆಯಿಂದ ನಡೆದರು. ಇದು ನಮ್ಮ ಗೇಟು, ಇದು ಅಂಗಡಿಯ ಗೋಡೆ ಎನ್ನುತ್ತ ಏನೂ ಇಲ್ಲದ ಕಡೆ ಬಲಕ್ಕೆ ತಿರುಗಿದರು. ಆಮೇಲೆ ಅವರ ಹೆಜ್ಜೆ ನಿಧಾನವಾಯಿತು, ಉಸಿರು ಎಳೆದುಕೊಳ್ಳತೊಡಗಿದರು. ಮರಳು ಚಪ್ಪಟೆಯಾಗಿತ್ತು. ಆದರೆ ಅವರ ಊರಿನಲ್ಲಿ ಅಲ್ಲೊಂದು ಏರು. ಅಕ್ಕನೂ ಅಷ್ಟೇ ನಿಧಾನವಾಗಿ ಏರು ಹತ್ತಿದರು. ಬಲೆ ಹೊಲಿಯುತ್ತಿದ್ದ ಒಬ್ಬ ಕೈ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದ.

ಏರಿನ ತುದಿಯಲ್ಲಿ ಟೀಚರ್ ನಿಂತುಬಿಟ್ಟರು. ಮುಂದಿನ ದಾರಿ ತನಗೆ ಗೊತ್ತಿಲ್ಲ ಎಂದರು. ಹೊಲಗಳಿದ್ದಲ್ಲಿ ಒಂದೇ ತರಹದ ಮನೆಗಳ ಸಾಲು ಎದ್ದಿತ್ತಂತೆ. ಹಿಂದಿನ ಬೇಸಿಗೆಯಲ್ಲಿ ಹುಟ್ಟಿದ ಮನೆಯ ಹತ್ತಿರವೇ ದಾರಿ ತಪ್ಪಿ, ಎದುರು ಸಿಕ್ಕವನನ್ನು ಕೇಳಿದರಂತೆ. ಅವನು ಪೋಲೆಂಡಿನಿಂದ ಕೆಲಸಕ್ಕೆ ಬಂದವನು. ಬಹಳ ಮರ್ಯಾದೆಯಿಂದ ಅವರನ್ನು ಅವರ ತಾಯಿಯ ಮನೆಗೆ ತಲುಪಿಸಿ ಹೋದನಂತೆ. “ಇದನ್ನು ನನ್ನ ತಂಗಿಗೂ ಹೇಳಿಲ್ಲ” ಎಂದರು. ಬರೆಯಬಹುದೇ ಎಂದು ಅಕ್ಕ ಕೇಳಿದಾಗ, ಸಮುದ್ರದ ಕಡೆ ನೋಡುತ್ತ, ಹೆಸರು ಹಾಕದೆ ಬರೆ ಎಂದರು...

ಆ ಚಳಿಗಾಲದಲ್ಲಿ ಇನ್ನೂ ಕೆಲವರು ಅದೇ ಮರಳಿನಲ್ಲಿ ತಮ್ಮ ತಮ್ಮ ಬೀದಿ ನಡೆದರು. ಅಕ್ಕ ಅವನ್ನೆಲ್ಲ ಒಂದು ಅಧ್ಯಾಯ ಮಾಡಿ ಕಳಿಸಿದರು. ಡಬ್ಲಿನ್ನಿನ ಗೈಡ್‌ರಿಂದ ಬಂದ ಉತ್ತರ ನೇರವಾಗಿತ್ತು. ಪ್ರಬಂಧ ಐರಿಷ್ ಸಮಾಜದ ಬಗ್ಗೆ, ಒಮಾನಿನ ಅಧ್ಯಾಯ ತೆಗೆಯಬೇಕು. ತೆಗೆಯದಿದ್ದರೆ ಪರೀಕ್ಷಕರು ಇಡೀ ಪ್ರಬಂಧವನ್ನೇ ತಿರಸ್ಕರಿಸಬಹುದು.

ನಾವು ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗಲೇ ಆ ಮಾತು ಬಂತು. “ತೆಗ್ದುಬಿಡು ಮಾರಾಯ್ತಿ, ಖಲಾಸ್. ಡಿಗ್ರಿ ಬರ್ತದಲ್ಲ” ಎಂದರು ಅಕ್ಕನ ಗಂಡ.

“ಅವರು ದಾರಿ ತಪ್ಪಿದ್ದು ಐರ್ಲೆಂಡಿನಲ್ಲಿ ಅಲ್ವಾ? ಹೇಳಿದ್ದು ಸೀಬ್‌ನಲ್ಲಿ, ಅಷ್ಟೇ. ಅದು ಹೇಗೆ ಒಮಾನಿನ ವಿಷಯ ಆಗ್ತದೆ?”

“ಫೇಲಾದ್ರೆ?”

“ಆದ್ರೆ ಆಗ್ತೇನೆ. ತಂಗಿಗೂ ಹೇಳದ್ದನ್ನು ನಂಗೆ ಹೇಳಿದ್ದಾರೆ. ಚೆನ್ನಾಗಿದೆ ಅಂತ ಹೇಳಿದ್ದು ಮಾತ್ರ ಬರೆದು ಇದನ್ನು ಬಿಟ್ರೆ ನಾನು ಬರೆದದ್ದು ಸುಳ್ಳು.”

ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅನ್ನ ಕಲಸಿದ ಕೈ ಹಾಗೇ ಇತ್ತು. ಅವರ ಗಂಡ ಎದ್ದು ಅಕ್ಕನ ತಟ್ಟೆಗೆ ಸಾರು ಹಾಕಿದರು.

೨೦೦೫ರ ಕೊನೆಯಲ್ಲಿ ಅಕ್ಕ ಮೌಖಿಕ ಪರೀಕ್ಷೆಗೆ ಡಬ್ಲಿನ್‌ಗೆ ಹೋದರು. ಅಧ್ಯಾಯ ತೆಗೆದಿರಲಿಲ್ಲ. ವಾಪಸು ಬಂದ ದಿನ ಮೆಟ್ಟಿಲ ಮೇಲೆಯೇ ಕೂತು ನಮಗೆಲ್ಲ ಹೇಳಿದರು. ಆ ಟೀಚರ್ ನಿಜವಾಗಿ ತಮ್ಮ ಬೀದಿಯನ್ನೇ ನಡೆದರು ಎಂದು ನಿಮಗೆ ಹೇಗೆ ಗೊತ್ತು ಎಂದು ಹಿರಿಯ ಪರೀಕ್ಷಕರೊಬ್ಬರು ಕೇಳಿದರಂತೆ. ಚಪ್ಪಟೆ ಮರಳಿನಲ್ಲಿ ಅವರಿಗೆ ಏದುಸಿರು ಬಂತು ಎಂದರಂತೆ ಅಕ್ಕ. ಆತ ಪುಟ ಮಡಚಿ, ತನ್ನ ಹಳ್ಳಿಯಲ್ಲೂ ಈಗ ಅಂಥ ಸಾಲುಮನೆಗಳಿವೆ ಎಂದರಂತೆ. ಅಧ್ಯಾಯ ಉಳಿಯಿತು. ಡಿಗ್ರಿಯೂ ಬಂತು.

ಅಮ್ಮ ಅವತ್ತೇ ಕೇಸರಿಭಾತ್ ಮಾಡಿ ಕಟ್ಟಡದ ಮನೆಮನೆಗೂ ಹಂಚಿದರು. “ನಮ್ಮ ಮೇಲಿನ ಮನೆ ಹುಡುಗಿ, ಎದುರಿಗಿದ್ದೋರು ದೊಡ್ಡೋರು ಅಂತ ತನ್ನ ಮಾತು ಬಿಡಲಿಲ್ಲ ಕಣ್ರೀ” ಎಂದು ಪ್ರತಿ ಬಾಗಿಲಲ್ಲೂ ಹೇಳಿದರು. ತಟ್ಟೆ ಹಿಡಿದು ಹಿಂದೆ ಹೋದ ನನಗೆ ನಾನೇ ಪಾಸಾದಷ್ಟು ಹೆಮ್ಮೆ.

ಮರುವರ್ಷ ಗಂಡನ ಕಾಂಟ್ರಾಕ್ಟ್ ಮುಗಿದು ಅವರು ಹೊರಟುಹೋದರು. ಮೊದಮೊದಲು ಮೇಲ್ ಬರುತ್ತಿತ್ತು, ಆಮೇಲೆ ನಾನು ಕಳಿಸಿದವೇ ತಿರುಗಿ ಬರತೊಡಗಿದವು. ಮೇಲಿನ ಮನೆಗೆ ಮೂರನೇ ಸಂಸಾರ ಬಂದಿದೆ. ಒಳ್ಳೆಯವರೇ. ಆದರೂ ಮೆಟ್ಟಿಲಲ್ಲಿ ಹೆಜ್ಜೆ ಕೇಳಿದಾಗ ಒಮ್ಮೊಮ್ಮೆ ಬಾಗಿಲು ತೆಗೆಯುತ್ತೇನೆ... ಆ ಅಧ್ಯಾಯವನ್ನು ನಾನು ಕೊನೆಗೂ ಓದಲಿಲ್ಲ. ಆಗ ಓದಿದ್ದರೂ ಅರ್ಥವಾಗುತ್ತಿರಲಿಲ್ಲವೇನೋ, ಈಗ ಆಗುತ್ತದೆ.

ಓದುಗರಲ್ಲಿ ಯಾರಿಗಾದರೂ ಇವರು ಯಾರೆಂದು ಹೊಳೆದರೆ, ಅಕ್ಕ ಈಗ ಯಾವ ಊರಿನಲ್ಲಿದ್ದಾರೆ, ಆ ಅಧ್ಯಾಯ ಎಲ್ಲಾದರೂ ಅಚ್ಚಾಗಿದೆಯೇ ಎನ್ನುವುದನ್ನು ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ಒಂದು ಸಾಲಾದರೂ ಸಾಕು.