ಅನಸೂಯಮ್ಮ ಬರೆದ ಕೊನೆಯ ಹೂವು

ಉಡುಪಿ ಕಡೆಯ ಶಂಭು ಮರಾಠಿ ಸೀಮೆಯ ಶಹಾಡ್ ಎಂಬ ಊರಿನ ಗಾಜಿನ ಕಾರ್ಖಾನೆಯೊಂದರಲ್ಲಿ ಸ್ಯಾಂಡ್‌ಬ್ಲಾಸ್ಟಿಂಗ್ ಮಾಡುತ್ತಿದ್ದ. ಗಾಜಿನ ಮೇಲೆ ಸ್ಟಿಕರ್ ಹಾಳೆ ಅಂಟಿಸಿ, ಚಿತ್ರದ ಗೆರೆಯ ಮೇಲೆ ಬ್ಲೇಡು ಎಳೆದು, ಚಿತ್ರದ ಭಾಗವನ್ನಷ್ಟೇ ಸುಲಿದು, ಯಂತ್ರದ ಪೆಟ್ಟಿಗೆಯಲ್ಲಿಟ್ಟು ಮರಳು ಊದಿದರೆ ಅದು ಮಬ್ಬಾಗಿ ಮೂಡುತ್ತದೆ. ವರ್ಷಗಟ್ಟಲೆ ಅವನ ಕೈ ಇದನ್ನೇ ಮಾಡಿತ್ತು.

ಸೀವುಡ್ಸ್ ಬಡಾವಣೆಯ ಶ್ರೀಕಂಠಯ್ಯನವರು ತರುತ್ತಿದ್ದ ಕೆಲಸ ಮಾತ್ರ ಬೇರೆ. ಮೈಸೂರಿನವರಾದ ಅವರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಗಟ್ಟಿಮರದಲ್ಲಿ ಹೊಗೆಸೊಪ್ಪಿನ ಪೈಪು ಕೆತ್ತಿ ಮಾರುತ್ತಿದ್ದರು. ಮರಳಿನ ಹೊಡೆತಕ್ಕೆ ಪೈಪಿನ ಮೈ ಒರಟಾಗಬೇಕು. ಹೊಗೆಸೊಪ್ಪು ತುಂಬುವ ಬಟ್ಟಲಿನ ಒಳಗು, ಅಂಚು, ಬಾಯಿಕೊಳವೆ ಕೂಡುವ ತುದಿ ಇವೆಲ್ಲ ನುಣುಪಾಗಿಯೇ ಉಳಿಯಬೇಕು. ಶಂಭು ಬಟ್ಟಲಿಗೆ ಬಿರಡೆ ತುರುಕಿ, ಅಂಚಿಗೆ ಟೇಪು ಸುತ್ತಿ, ತುದಿಗೆ ರಬ್ಬರು ಬಿಲ್ಲೆ ಒತ್ತುತ್ತಿದ್ದ. ಹಿಡಿಯ ಅಡಿಯಲ್ಲಿ ಶ್ರೀಕಂಠಯ್ಯನವರ ಹೆಂಡತಿ ಅನಸೂಯಮ್ಮ ಕಾದ ಸೂಜಿಯಿಂದ ಬರೆದ ಪುಟ್ಟ ಹೂವಿರುತ್ತಿತ್ತು. ಅದನ್ನು ಸ್ಟಿಕರಿನಿಂದ ಪೂರ್ತಿ ಮುಚ್ಚುತ್ತಿದ್ದ.

2011ರ ಮಳೆಗಾಲದ ಕೊನೆಯಲ್ಲಿ ಶ್ರೀಕಂಠಯ್ಯ ಒಂದೇ ಒಂದು ಪೈಪು ತಂದರು.

"ಲಕ್ವಾ ಹೊಡೆದು ಅನಸೂಯನ ಬಲಗೈ ಬಿದ್ದುಹೋಯ್ತು ಶಂಭು. ಅವಳು ಬರೆದ ಕೊನೇ ಹೂವು ಇದು. ಇದನ್ನ ಮಾರೋದಿಲ್ಲ, ಅವಳ ಹತ್ರಾನೇ ಇರ್ಲಿ. ಜೋಪಾನ ಕಣಪ್ಪ."

"ಆಯ್ತು ಸರ್."

ಶಂಭುವಿನ ಹೆಂಡತಿ ಹರಿಣಾಕ್ಷಿ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಅದನ್ನು ಅವನು ಹೇಳಲಿಲ್ಲ. ಹೇಳಬೇಕೆಂದು ಅನಿಸಲೂ ಇಲ್ಲ.

ಪಕ್ಕದ ಯಂತ್ರದ ಭುಜಂಗ ಪೈಪು ನೋಡಿ ಕೆಣಕಿದ. "ಏನಪಾ, ಗಾಜಿನ ಗಣಪ್ಪನ್ನ ಬಿಟ್ಟು ಚಿಲುಮಿ ಹಿಡದಿ? ಸೇಠ್ ನೋಡಿದ್ರ ನಿನ್ನೂ ಪೆಟ್ಟಿಗ್ಯಾಗ ಹಾಕಿ ಮರಳ ಊದತಾನ."

ಶಂಭು ನಗಲಿಲ್ಲ. ಬಿರಡೆ, ಟೇಪು, ಬಿಲ್ಲೆ ಎಲ್ಲವನ್ನೂ ಕ್ರಮವಾಗಿ ಹಾಕಿದ. ಹೂವಿನ ಮೇಲೆ ಸ್ಟಿಕರ್ ಅಂಟಿಸಿದ. ಬ್ಲೇಡು ಕೈಯಲ್ಲೇ ಇತ್ತು. ಗಾಜಿಗೆ ಮಾಡುವಂತೆ ಹೂವಿನ ಸುತ್ತ ಕೊಯ್ದು ಒಳಗಿನ ಚೂರನ್ನು ಸುಲಿದುಬಿಟ್ಟ. ಪೈಪನ್ನು ಪೆಟ್ಟಿಗೆಯಲ್ಲಿಟ್ಟು ಪೆಡಲು ಒತ್ತಿದ.

ಹೊರತೆಗೆದಾಗ ಸೂಜಿಯ ಗೆರೆ ಒಂದೂ ಇರಲಿಲ್ಲ. ಇದ್ದದ್ದು ಹೂವಿನ ಆಕಾರದ ಒಂದು ಒರಟು ಗುಳಿ. ಎದೆ ಝಲ್ಲೆನ್ನಬೇಕಿತ್ತು, ಎನ್ನಲಿಲ್ಲ. ಪೈಪನ್ನು ಕಾಗದದಲ್ಲಿ ಸುತ್ತಿ ಭಾನುವಾರ ಸೀವುಡ್ಸಿನ ಅವರ ಮನೆಗೆ ಹೋದ.

ಶ್ರೀಕಂಠಯ್ಯ ಕನ್ನಡಕ ಏರಿಸಿ, "ಹೂವೇನೋ ಇದೆಯಲ್ಲ" ಎಂದರು.

ಅನಸೂಯಮ್ಮ ಎಡಗೈ ಹೆಬ್ಬೆರಳಿನಿಂದ ಸವರಿ ನೋಡಿದರು. "ಇದು ನಾನು ಬರ್ದಿದ್ದಲ್ಲ."

"ಅಲ್ಲ ಅಮ್ಮ. ಮುಚ್ಚಬೇಕಾದದ್ದನ್ನು ನಾನೇ ಬಿಚ್ಚಿದ್ದು. ಗಾಜಿಗೆ ಮಾಡುವ ಹಾಗೆ ಮಾಡಿಬಿಟ್ಟೆ."

"ನೀನು ಹಾಗೆಲ್ಲ ಮಾಡೋನಲ್ಲ. ಏನಾಯ್ತು?"

"ಹೆಂಡತಿ ಹೋದಳು" ಎಂದ ಶಂಭು, ಗಾಡಿ ತಪ್ಪಿತು ಎನ್ನುವಷ್ಟೇ ಸಪ್ಪೆಯಾಗಿ.

ಅನಸೂಯಮ್ಮ ಪೈಪನ್ನು ಗಂಡನ ಕೈಗೆ ಕೊಟ್ಟು, "ಒಳಗಿಡಿ ಇದನ್ನ, ನನಗೆ ನೋಡೋಕ್ಕಾಗಲ್ಲ" ಎಂದರು. ಆಮೇಲೆ ಶಂಭುವಿನ ಕಡೆ ತಿರುಗಿ ಕೇಳಿದರು: "ಅವಳ ಹೆಸರೇನಪ್ಪ?"

"ಹರಿಣಾಕ್ಷಿ."

ಅವಳು ಹೋದಮೇಲೆ ಆ ಹೆಸರು ಅವನ ಬಾಯಿಗೆ ಬಂದಿರಲಿಲ್ಲ. ಹೇಳಿದ ಮೇಲೂ ಅವನಿಗೆ ಏನೂ ಅನಿಸಲಿಲ್ಲ. ಕೈಮುಗಿದು, ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ.